ಒಂದ್ ಚಿಟಿಕೆ ನಿಪ್ಪಾಣಿ

ನಮ್ಮ ಉತ್ತರ ಕರ್ನಾಟಕದ ಕಡೆ ಗುರುತಿಲ್ಲದವರ ಹತ್ತಿರ ದುಡ್ಡು ಕೇಳಿದರೆ ಮುಖ ತಿರುಗಿಸುತ್ತಾರೆ. ರೊಟ್ಟಿ ಕೇಳಿದರೆ ಯಾವೂರು, ಯಾರ ಪೈಕಿ ಎಂದು ವಿಚಾರಿಸುತ್ತಾರೆ. ತಂಬಾಕು ಕೇಳಿದರೆ ಮಾತ್ರ ಯಾರೂ ಏನೂ ಕೇಳುವುದಿಲ್ಲ. ಎರಡು ಟ್ರ್ಯಾಕ್ಟರ್ ಇರುವ ಗೌಡರು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತ ಹಮಾಲನ ಕಡೆ ಅಂಗೈ ಚಾಚಿ, ‘ತಂಬಾಕ ಐತೇನೋ ತಮ್ಮಾ?’ ಎನ್ನುತ್ತಾರೆ. ಅವನು ಚಂಚಿ ಬಿಚ್ಚುತ್ತಾನೆ, ಎಡಗೈಯೊಳಗೆ ಒಂದು ಚಿಟಿಕೆ ಹಾಕಿಕೊಳ್ಳುತ್ತಾನೆ, ಡಬ್ಬಿಯಿಂದ ಉಗುರಿನ ತುದಿಯಷ್ಟು ಸುಣ್ಣ ತೆಗೆಯುತ್ತಾನೆ, ಬಲಗೈ ಹೆಬ್ಬೆರಳಿನಿಂದ ತಿಕ್ಕುತ್ತಾನೆ, ಚಟ್ ಚಟ್ ಎಂದು ತಟ್ಟಿ ಧೂಳು ಹಾರಿಸುತ್ತಾನೆ. ಆಚೆ ಕೂತವನಿಗೆ ಸೀನು ಬರುತ್ತದೆ. ಅರ್ಧ ಗೌಡರಿಗೆ, ಅರ್ಧ ತನಗೆ. ಆಮೇಲೆ ಮಳೆ, ಕಬ್ಬಿನ ಬಿಲ್ಲು, ಮಗಳ ಮದುವೆ, ಒಂದೊಂದಾಗಿ ಮಾತು ಹೊರಬೀಳುತ್ತದೆ. ನಾನು ತಂಬಾಕು ತಿನ್ನುವವನಲ್ಲ. ಆದರೆ ಈ ಚಾಚಿದ ಅಂಗೈಗಳ ನಡುವೆ ಬೆಳೆದವನು. ಹಾಗಾಗಿ ಬಸ್‌ಸ್ಟ್ಯಾಂಡಿನಲ್ಲಿ ನಾನು ಒಬ್ಬನೇ ಕೂತಿರುತ್ತೇನೆ, ನನ್ನನ್ನು ಯಾರೂ ಏನೂ ಕೇಳುವುದಿಲ್ಲ.

ಈ ವಿಷಯದಲ್ಲಿ ನನ್ನ ಗುರು ನಮ್ಮ ಧಾರವಾಡದ ಪಕ್ಕದ ಮನೆಯ ಆಯಿ. ಮೂಲ ನಿಪ್ಪಾಣಿಯವರು, ಈಗ ಮಗನ ಮನೆಯಲ್ಲಿದ್ದಾರೆ. ಎರಡು ಮನೆಗಳ ನಡುವೆ ತಂತಿಬೇಲಿ. ಅದಕ್ಕೆ ನಾವು ಮಲ್ಲಿಗೆ ಹಬ್ಬಿಸಿದ್ದೇವೆ, ಆದರೆ ಬೆಳಿಗ್ಗೆ ಬೇಲಿ ದಾಟಿ ಬರುವ ವಾಸನೆ ಮಲ್ಲಿಗೆಯದಲ್ಲ. ಆಯಿ ಹಿತ್ತಲಿನ ಒಲೆಯ ಮೇಲೆ ಹಳೆಯ ಹಂಚಿಟ್ಟು ತಂಬಾಕು ಹುರಿಯುತ್ತಾರೆ. ಎಲೆ ಕಪ್ಪಗಾಗಿ ಮುಟ್ಟಿದರೆ ಪುಡಿಯಾಗುವಷ್ಟು ಹುರಿದು, ಕುಟ್ಟಿ, ಡಬ್ಬಿಗೆ ತುಂಬಿಸುತ್ತಾರೆ. ಇದೇ ಮಶೇರಿ. ಹಲ್ಲು ತಿಕ್ಕುವ ಹೆಸರಿನಲ್ಲಿ ಬೆರಳಿನಿಂದ ಒಸಡಿಗೆ ಸವರಿಕೊಂಡು ಅರ್ಧ ತಾಸು ಕೂರುವುದು. ಕೃಷ್ಣೆಯ ಆಚೆ ಈಚೆ, ಕೊಲ್ಹಾಪುರ ಸಾಂಗ್ಲಿ ಸೀಮೆಯಲ್ಲೆಲ್ಲ ಹೆಂಗಸರ ಚಟ ಇದು. ಗಂಡಸರು ಬೀಡಿ ಸೇದಿದರೆ ಚಟ ಅನ್ನಿಸಿಕೊಳ್ಳುತ್ತದೆ, ಹೆಂಗಸರದು ಹಲ್ಲು ತಿಕ್ಕುವುದು ಅನ್ನಿಸಿಕೊಳ್ಳುತ್ತದೆ. ಮನೆಯ ಹಿರಿಯರೂ ಬೈಯುವಂತಿಲ್ಲ.

‘ದಿನಕ್ಕ ಎಷ್ಟ ಸಲ ಹಲ್ಲ ತಿಕ್ಕತೀರಿ ಆಯಿ?’ ಎಂದು ಕೇಳಿದೆ.

‘ಹಲ್ಲ ಎಷ್ಟ ಉಳದಾವ ಅಂತ ಕೇಳ್ರಿ ಮಾಸ್ತರ್ರ,’ ಅಂದರು. ‘ತಿಕ್ಕೂದು ನಾಲ್ಕ ಸಲ.’

ಈ ವಾಸನೆಯ ಬಗ್ಗೆ ನನ್ನ ಹೆಂಡತಿಗೆ ಬಲವಾದ ಅಭಿಪ್ರಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಆಯಿಯ ಮೊಮ್ಮಗಳಿಗೆ ಓದಲು ಬರುತ್ತದೆ.

ಕೊಲ್ಹಾಪುರಕ್ಕೆ ಬಸ್ಸಿನಲ್ಲಿ ಹೋದವರಿಗೆ ನಿಪ್ಪಾಣಿ ಗೊತ್ತೇ ಇರುತ್ತದೆ. ಬೆಳಗಾವಿ ಜಿಲ್ಲೆಯ ತುದಿಯಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದೆ. 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, ಈಗಲೂ ಪೇಟೆಯಲ್ಲಿ ಮರಾಠಿ ಜೋರು. ಬೀಡಿಗೆ ಹಾಕುವ ತಂಬಾಕೆಂದರೆ ದೇಶದಲ್ಲಿ ಎರಡು ಸೀಮೆಗಳ ಹೆಸರು ಮೊದಲು ಬರುತ್ತದೆ: ಗುಜರಾತಿನ ಆಣಂದ, ಖೇಡಾದ ಚರೋತರ, ಮತ್ತು ನಮ್ಮ ನಿಪ್ಪಾಣಿ, ಚಿಕ್ಕೋಡಿ, ಹುಕ್ಕೇರಿಯ ಈ ಪಟ್ಟಿ. ಇಲ್ಲಿಯದಕ್ಕೆ ಪೇಟೆಯಲ್ಲಿ ನಿಪ್ಪಾಣಿ ಜರ್ದಾ ಎನ್ನುತ್ತಾರೆ. ಗುಜರಾತಿನದು ಖಡಕ್ಕು, ನಿಪ್ಪಾಣಿಯದು ಘಮ. ಬೀಡಿ ಕಂಪನಿಯವರು ಎರಡನ್ನೂ ತಮ್ಮ ತಮ್ಮ ಲೆಕ್ಕದಲ್ಲಿ ಬೆರೆಸುತ್ತಾರೆ, ಆ ಲೆಕ್ಕವನ್ನು ಯಾರಿಗೂ ಹೇಳುವುದಿಲ್ಲ.

ಈ ಘಮ ಎಲ್ಲಿಂದ ಬಂತು ಎಂದು ನಾನು ಪುಸ್ತಕ ಹಿಡಿದು ಹೊರಟರೆ ಆಯಿ ಎರಡೇ ಮಾತಿನಲ್ಲಿ ಮುಗಿಸುತ್ತಾರೆ: ‘ಎರಿ ಮಣ್ಣು, ಇಬ್ಬನಿ.’ ನಾನು ಓದಿದ್ದೂ ಹೆಚ್ಚುಕಡಿಮೆ ಅಷ್ಟೇ. ಬೀಜ ಎಷ್ಟು ಸಣ್ಣದೆಂದರೆ ಒಂದು ಗ್ರಾಮಿಗೆ ಹತ್ತು ಸಾವಿರಕ್ಕೂ ಮೇಲೆ ತೂಗುತ್ತವೆ. ಮಳೆಗಾಲದ ಮೊದಲಿಗೆ ಮಡಿಯಲ್ಲಿ ಸಸಿ ಮಾಡಿ, ಆಗಸ್ಟಿನ ಹೊತ್ತಿಗೆ ಹೊಲಕ್ಕೆ ನಾಟಿ ಹಚ್ಚುತ್ತಾರೆ. ಮಳೆ ನಿಂತ ಮೇಲೆ ಎರೆಮಣ್ಣಿನೊಳಗಿನ ಹಸಿಯ ಮೇಲೇ ಗಿಡ ಬದುಕಬೇಕು. ಹೂವಿನ ಕುಡಿ ಕಂಡ ಕೂಡಲೇ ಅದನ್ನು ಮುರಿಯುತ್ತಾರೆ, ಆಮೇಲೆ ಎಲೆಯ ಕಂಕುಳಲ್ಲಿ ಒಡೆಯುವ ಚಿಗುರುಗಳನ್ನು ಮತ್ತೆ ಮತ್ತೆ ಕೀಳುತ್ತಾರೆ. ನಿಕೋಟಿನ್ ತಯಾರಾಗುವುದು ಬೇರಿನಲ್ಲಿ, ಸೇರಿಕೊಳ್ಳುವುದು ಎಲೆಯಲ್ಲಿ. ಹುಳ ತಿನ್ನಬಾರದೆಂದು ಗಿಡ ತಾನೇ ಮಾಡಿಕೊಂಡ ವಿಷ ಅದು. ತಲೆ ಮುರಿದರೆ ಗಿಡ ತನಗೆ ಗಾಯವಾಯಿತೆಂದು ತಿಳಿದು ಇನ್ನಷ್ಟು ವಿಷ ಕಳಿಸುತ್ತದೆ.

ಇದನ್ನು ನಾನು ವಿವರಿಸಿ ಹೇಳಿದಾಗ ಆಯಿ ಬಲು ಸಮಾಧಾನದಿಂದ ಕೇಳಿ, ‘ಹೌದ್ರಿ, ಕುಡಿ ಮುರದ್ರ ಗಿಡದ ಸಿಟ್ಟ ಎಲೀಗೆ ಇಳಿತೈತಿ ಅಂತ ನಮ್ಮಪ್ಪ ಅಂತಿದ್ದಾ,’ ಅಂದರು. ಅವರಪ್ಪ ಶಾಲೆಯ ಕಟ್ಟೆ ಹತ್ತಿದವರಲ್ಲ.

ಜನವರಿ, ಫೆಬ್ರವರಿಯಲ್ಲಿ ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕಿ ಏಳುತ್ತದೆ. ಚುಕ್ಕಿ ಬಿದ್ದರೆ ಎಲೆ ಬಲಿತಿದೆ ಎಂದರ್ಥ. ಕೊಯ್ದು ಹೊಲದಲ್ಲೇ ಬಿಸಿಲಿಗೆ ಹರವುತ್ತಾರೆ. ಒಣಗಿದ ಎಲೆಯನ್ನು ಹಗಲಿನಲ್ಲಿ ಮುಟ್ಟಿದರೆ ಪುಡಿಪುಡಿ, ಅದಕ್ಕೇ ನಸುಕಿನಲ್ಲಿ, ಇಬ್ಬನಿಗೆ ಎಲೆ ಮೆತ್ತಗಾಗಿರುವಾಗ, ಎತ್ತಿ ಒಟ್ಟುತ್ತಾರೆ. ಹೊತ್ತು ಏರುವ ಮೊದಲು ಕೆಲಸ ಮುಗಿಯಬೇಕು. ಹಸಿ ಎಲೆ ಕೊಯ್ಯುವಾಗ ಅಂಗೈಗೆ ಟಾರಿನಂಥ ಅಂಟು ಮೆತ್ತುತ್ತದೆ. ಇಬ್ಬನಿಯ ಎಲೆಯಲ್ಲಿ ಬರಿಗೈ ಹಾಕಿದರೆ ನಿಕೋಟಿನ್ ಚರ್ಮದೊಳಗೇ ಇಳಿದು ತಲೆ ತಿರುಗುತ್ತದೆ, ವಾಂತಿ ಬರುತ್ತದೆ. ತಂಬಾಕು ಬಾಯಿಗೆ ಹಾಕದ ಹುಡುಗಿಯರಿಗೂ ತಂಬಾಕು ಏರುತ್ತಿತ್ತು. ‘ಹೊಸದಾಗಿ ಬಂದಾಕಿ ವಾಂತಿ ಮಾಡಕೊಂಡ್ಳಂದ್ರ ಹಳಬರು ನಗತಿದ್ರು. ಮುಂದಿನ ಸುಗ್ಗೀಗೆ ಆಕೀನೂ ನಗತಿದ್ಲು.’

ಆಯಿಗೆ ಎಲ್ಲ ತಂಬಾಕಿನ ಮೇಲೂ ಗೌರವವಿದೆ ಎಂದುಕೊಳ್ಳಬೇಡಿ. ಒಮ್ಮೆ ನಾನು ಮೈಸೂರು ಸೀಮೆಯ ಹೊಗೆಸೊಪ್ಪಿನ ಮಾತು ತೆಗೆದೆ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆಯ ಕಡೆ ಬೆಳೆಯುವ ವರ್ಜೀನಿಯಾ ತಂಬಾಕು ಸಿಗರೇಟಿಗೆ ಹೋಗುತ್ತದೆ, ಹೊರದೇಶಕ್ಕೂ ಹೋಗುತ್ತದೆ. ಅಲ್ಲಿ ಎಲೆಯನ್ನು ಬಿಸಿಲಿಗೆ ಬಿಡುವುದಿಲ್ಲ. ಕಡ್ಡಿಗಳಿಗೆ ಕಟ್ಟಿ ಬ್ಯಾರನ್ ಎಂಬ ಎತ್ತರದ ಮನೆಯೊಳಗೆ ತೂಗುಹಾಕುತ್ತಾರೆ, ಹೊರಗೆ ಸೌದೆ ಉರಿಸಿ ಕೊಳವೆಗಳಲ್ಲಿ ಬಿಸಿ ಹಾಯಿಸುತ್ತಾರೆ. ಹೊಗೆ ಎಲೆಗೆ ತಾಗುವುದಿಲ್ಲ, ಬಿಸಿ ಮಾತ್ರ. ಐದಾರು ದಿನದಲ್ಲಿ ಎಲೆ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ತಂಬಾಕು ಮಂಡಳಿ ಇದೆ, ಇಷ್ಟೇ ಬೆಳೆಯಬೇಕೆಂಬ ಕಟ್ಟು ಇದೆ, 1984ರಿಂದ ಹರಾಜು ಕಟ್ಟೆ ಇದೆ.

‘ಒಲಿ ಉರಿಗೆ ಹಣ್ಣ ಮಾಡಿದ ಬಾಳಿಹಣ್ಣಿನಂಗ,’ ಅಂದರು ಆಯಿ. ‘ಬಣ್ಣಾ ಐತಿ, ರುಚಿ ಎಲ್ಲೈತಿ?’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹರಾಜ ಕಟ್ಟಿ ಅಂದ್ರಲ್ಲ, ಅದು ನಮ್ಮಲ್ಲಿ ಇದ್ದಿದ್ರ ನಮ್ಮಪ್ಪ ಹೊಲ ಮಾರತಿರಲಿಲ್ಲ,’ ಅಂದರು.

ಮಾತು ಅಲ್ಲಿಗೆ ಬಂತು. ವರ್ಜೀನಿಯಾ ತಂಬಾಕಿಗೆ ಇರುವ ಮಂಡಳಿಯ ಹರಾಜು ಬೀಡಿ ತಂಬಾಕಿಗೆ ಇಲ್ಲ. ನಿಪ್ಪಾಣಿಯಲ್ಲಿ ರೈತನೂ ವ್ಯಾಪಾರಿಯೂ ಎದುರುಬದುರು ಕೂತು ದರ ಮಾಡಬೇಕು. ಎದುರುಬದುರು ಎಂದದ್ದು ಮಾತಿಗೆ. ಒಬ್ಬ ನೆಲದ ಮೇಲೆ, ಒಬ್ಬ ಗಾದಿಯ ಮೇಲೆ. ಎಲೆ ಮುರಿದು ನೋಡಿ, ಮೂಸಿ, ಮಣ್ಣು ಬಹಳ ಐತಿ, ಹಸಿ ಬಹಳ ಐತಿ ಎಂದು ತೂಕ ಕತ್ತರಿಸುವುದು, ಹಣಕ್ಕೆ ತಿಂಗಳುಗಟ್ಟಲೆ ತಿರುಗಾಡಿಸುವುದು. 1980ರಲ್ಲಿ ನರಗುಂದ, ನವಲಗುಂದದ ರೈತರು ಎದ್ದ ಮರುವರ್ಷವೇ ನಿಪ್ಪಾಣಿಯ ತಂಬಾಕು ರೈತರು ಎದ್ದರು. ಮಹಾರಾಷ್ಟ್ರದ ಶೇತಕರಿ ಸಂಘಟನೆಯ ಶರದ್ ಜೋಶಿ ಮುಂದೆ ನಿಂತರು. 1981ರ ಮಾರ್ಚಿನಲ್ಲಿ ರೈತರು ಹೆದ್ದಾರಿಯ ಮೇಲೇ ಬಿಡಾರ ಹೂಡಿ ರಸ್ತೆ ತಡೆದರು. ಏಪ್ರಿಲಿನಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಈ ಕಥೆ ಆ ಕಡೆಯ ಹುಡುಗರಿಗೂ ಗೊತ್ತಿದೆ.

ಆಯಿ ಹೇಳುವುದು ಇನ್ನೊಂದು ಕಥೆ, ಅದು ಅಷ್ಟು ಜನರಿಗೆ ಗೊತ್ತಿಲ್ಲ. ಅಪ್ಪನ ಹೊಲ ಹೋದ ಮೇಲೆ ಅವರು ವಖಾರಿಗೆ ದುಡಿಯಲು ಹೋದರು. ರೈತನಿಂದ ಬಂದ ಎಲೆಯನ್ನು ಬಡಿದು, ಕಡ್ಡಿ ಬೇರ್ಪಡಿಸಿ, ಜರಡಿ ಹಿಡಿದು, ದಪ್ಪ ಕಣ ಬೇರೆ, ಸಣ್ಣ ಕಣ ಬೇರೆ, ಧೂಳು ಬೇರೆ ಮಾಡಿದರೆ ಬೀಡಿಯ ಜರ್ದಾ. ಕಿಟಕಿ ಕಡಿಮೆಯಿರುವ ಉದ್ದನೆಯ ಕೋಣೆಯಲ್ಲಿ ಸಾಲಾಗಿ ಕೂತ ಹೆಂಗಸರು, ಬಾಯಿಗೆ ಸೆರಗು. ಧೂಳಿಗೆ ಎದುರು ಕೂತವಳ ಮುಖ ಕಾಣುತ್ತಿರಲಿಲ್ಲವಂತೆ. ಕೂಲಿ ಎಷ್ಟೆಂದು ಕೇಳಿದರೆ ಆಯಿ ಅಂಕಿ ಹೇಳುವುದಿಲ್ಲ, ಕೈ ಜಾಡಿಸುತ್ತಾರೆ.

ಆ ಹೆಂಗಸರೂ ಅದೇ ಕಾಲಕ್ಕೆ ಸಂಘ ಕಟ್ಟಿದರು. ರೈತರು ಯಾವ ವ್ಯಾಪಾರಿಗಳ ವಿರುದ್ಧ ಎದ್ದರೋ, ಇವರೂ ಅದೇ ಪೇಟೆಯ, ಅದೇ ಗಾದಿಯ ವಿರುದ್ಧ. ಯುಗಾಂತರ ಎಂಬ ಹೆಂಗಸರ ತಂಡ ಬಂದು 1982ರಲ್ಲಿ ಅವರದೇ ಮಾತಿನಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿತು, ದೀಪಾ ಧನರಾಜ್ ಮತ್ತವರ ಗೆಳತಿಯರ ಕೆಲಸ. ಹೆಸರು ‘ತಂಬಾಕೂ ಚಾಕಿಲಾ ಓಬ್ ಆಲಿ’. ಕಪ್ಪುಬಿಳುಪಿನ ಚಿತ್ರ, ಅರ್ಧ ತಾಸೂ ಇಲ್ಲ. ನಾನು ನೋಡಿದ್ದೇನೆ ಎಂದಾಗ ಆಯಿ ಬೇಲಿಗೆ ಮತ್ತಷ್ಟು ಹತ್ತಿರ ಬಂದರು.

‘ಅದರಾಗ ನಾ ಕಂಡ್ನೇನ್ರಿ?’

‘ಹೆಂಗ ಗುರ್ತ ಹಿಡೀಲಿ ಆಯಿ, ಎಲ್ಲಾರ ಬಾಯಿಗೂ ಸೆರಗ ಇತ್ತು.’

‘ಮೋರ್ಚಾದಾಗ ಇರಲಿಲ್ಲ ನೋಡ್ರಿ, ಅವಾಗ ಎಲ್ಲಾರೂ ಬಾಯಿ ತಗದಿದ್ವಿ.’

ನಿಪ್ಪಾಣಿಯಿಂದ ಹೊರಟ ಆ ಜರ್ದಾ ಎಲ್ಲಿಗೆ ಹೋಗುತ್ತದೆ ಎಂಬುದು ಆಯಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಇಲ್ಲಿ ಮಾತ್ರ ನಾನು ಮಾಸ್ತರನಾದೆ. ಮಂಗಳೂರಿನ ಕಡೆಗೆ ಹೋದರೆ, ಮನೆಮನೆಯ ಜಗುಲಿಯಲ್ಲಿ ಹೆಂಗಸರು ತೊಡೆಯ ಮೇಲೆ ತಡ್ಪೆ ಎಂಬ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಾರೆ. ಎಲೆ ಮಧ್ಯಪ್ರದೇಶ, ಛತ್ತೀಸಗಡ, ಒಡಿಶಾದ ಕಾಡಿನ ತೆಂದು. ಅದನ್ನು ನೆನೆಸಿ, ತಗಡಿನ ಅಳತೆ ಇಟ್ಟು ಕತ್ತರಿಸಿ, ಒಂದು ಚಿಟಿಕೆ ಜರ್ದಾ ಹಾಕಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯುತ್ತಾರೆ. ಒಂದು ಬೀಡಿಯಲ್ಲಿ ತಂಬಾಕು ಕಾಲು ಗ್ರಾಮಿಗಿಂತ ಹೆಚ್ಚಿಲ್ಲ. ಸಿಗರೇಟಿನ ಕಾಗದದಂತೆ ತೆಂದು ಎಲೆ ತಾನಾಗಿ ಉರಿಯುವುದಿಲ್ಲ, ಬಿಟ್ಟರೆ ಆರುತ್ತದೆ. ಅದಕ್ಕೇ ಬೀಡಿ ಸೇದುವವನು ಮತ್ತೆ ಮತ್ತೆ ಜೋರಾಗಿ ಎಳೆಯಬೇಕು, ಹೊಗೆಯೂ ಅಷ್ಟೇ ಆಳಕ್ಕೆ ಇಳಿಯುತ್ತದೆ. ಬೀಡಿ ಸಣ್ಣದು, ಅದರ ಪೆಟ್ಟೂ ಸಣ್ಣದು ಎಂದು ನಂಬಿದವರು ನಮ್ಮಲ್ಲಿ ಇನ್ನೂ ಇದ್ದಾರೆ.

ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಒಯ್ದರೆ ಸಾವಿರಕ್ಕೆ ಇಷ್ಟು ಎಂದು ಮಜೂರಿ. ಆ ದುಡ್ಡಿನಲ್ಲಿ ಮಕ್ಕಳನ್ನು ಕಾಲೇಜು ಮೆಟ್ಟಿಲು ಹತ್ತಿಸಿದ, ಕಿವಿಗೆ ಬೆಂಡೋಲೆ ಮಾಡಿಸಿಕೊಂಡ ಹೆಂಗಸರು ತುಳುನಾಡಿನಲ್ಲಿ ಊರೂರಿಗೂ ಸಿಗುತ್ತಾರೆ. ಆಯಿ ಇದನ್ನೆಲ್ಲ ಕೇಳಿ, ‘ಅಂದ್ರ ಈ ಕಡೆ ನಾವು, ಆ ಕಡೆ ಅವರು. ನಡುವ ಗಂಡಸರು ಏನ ಮಾಡತಿದ್ರು?’ ಎಂದು ಕೇಳಿದರು. ಲೆಕ್ಕ ಬರೆಯುತ್ತಿದ್ದರು ಎಂದೆ. ನನ್ನ ಮಟ್ಟಿಗೆ ಅದು ನಿಜವಾದ ಉತ್ತರ.

ತಂಬಾಕು ನಮ್ಮದೇ ಗಿಡವೇನಲ್ಲ. ಅಮೆರಿಕದ್ದು, ಪೋರ್ತುಗೀಜರ ಹಡಗಿನಲ್ಲಿ ಬಂತು. ಉತ್ತರದ ದೊರೆಗೆ ಅದನ್ನು ತೋರಿಸಿಕೊಟ್ಟದ್ದು ಮಾತ್ರ ನಮ್ಮ ವಿಜಾಪುರ. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನಕ್ಕೆ ಬಂದವನು ಅಲ್ಲಿ ತಂಬಾಕು ಕಂಡು ಬೆರಗಾದ. ರತ್ನ ಕೂರಿಸಿದ ಕೊಳವೆಯೊಂದನ್ನು ಮಾಡಿಸಿ, ತಂಬಾಕಿನ ಸಮೇತ ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟ. ಅಕ್ಬರ್ ಎರಡು ಮೂರು ದಮ್ಮು ಎಳೆದ. ಅಷ್ಟರಲ್ಲಿ ಹಕೀಮ ಅಡ್ಡಬಂದು, ಗೊತ್ತಿಲ್ಲದ ಔಷಧಿ, ಸಲ್ಲದು ಎಂದ. ಬೇಗ್ ವಾದಕ್ಕಿಳಿದ. ಅಕ್ಬರ್ ಮತ್ತೆ ಅದನ್ನು ಮುಟ್ಟಲಿಲ್ಲ. ಆದರೆ ದರ್ಬಾರಿನ ಸರದಾರರು ಮಾತ್ರ ಬೇಗನ ಹತ್ತಿರ ಒಬ್ಬೊಬ್ಬರಾಗಿ ಬಂದು ಕೇಳಿ ಇಸಕೊಂಡು ಹೋದರು. ಅಲ್ಲೂ ಅದೇ ಚಾಚಿದ ಅಂಗೈ ನೋಡಿ. 1617ರಲ್ಲಿ ಜಹಾಂಗೀರ್ ತಂಬಾಕಿಗೆ ನಿಷೇಧ ಹಾಕಿದ. ಏನೂ ಆಗಲಿಲ್ಲ.

‘ಬಾದಶಾಗೂ ಡಾಕ್ಟರ್ ಬ್ಯಾಡ ಅಂದ್ರ?’ ಆಯಿಗೆ ಈ ಭಾಗ ಬಹಳ ಹಿಡಿಸಿತು. ‘ಅಂದ್ರ ನಮ್ಮ ಸೊಸಿ ಹೇಳೂದು ಹೊಸಾದೇನಲ್ಲ.’

ಸೊಸೆ ನರ್ಸು. ಅವಳು ಹೇಳುವುದಕ್ಕೆ ಕಾರಣವಿದೆ. ಆಯಿಯ ತಮ್ಮ ಬಾಯಿಯ ಕ್ಯಾನ್ಸರಿನಿಂದ ಹೋದರು. ಕಡೆಗೆ ಗಂಜಿ ಹಾಕಲು ಚಮಚೆ ಹೋಗುವಷ್ಟೂ ಬಾಯಿ ತೆರೆಯುತ್ತಿರಲಿಲ್ಲ. ಆಯಿ ಅದನ್ನು ಹೇಳುವಾಗ ಎಡಗೈಯಲ್ಲಿ ಮಶೇರಿ ಡಬ್ಬಿ ಇತ್ತು. ನಾನು ಡಬ್ಬಿಯನ್ನೇ ನೋಡುತ್ತಿದ್ದದ್ದನ್ನು ಅವರು ನೋಡಿದರು. ‘ಗೊತ್ತೈತ್ರಿ,’ ಅಂದರು, ಸೆರಗಿನೊಳಗೆ ಇಟ್ಟುಕೊಂಡರು.

ಆದರೆ ಈಗಿನ ಹುಡುಗರ ಮೇಲೆ ಅವರಿಗಿರುವ ಸಿಟ್ಟು ಆರೋಗ್ಯದ್ದಲ್ಲ. 2013ರಲ್ಲಿ ಕರ್ನಾಟಕದಲ್ಲಿ ಗುಟಕಾ ನಿಷೇಧವಾಯಿತು. ಅಂಗಡಿಯವರು ಪಾನ್ ಮಸಾಲಾದ ಚೀಟು ಒಂದು, ತಂಬಾಕಿನ ಚೀಟು ಒಂದು, ಬೇರೆ ಬೇರೆ ತೂಗುಹಾಕಿದರು. ಕೊಂಡವನು ಎರಡನ್ನೂ ಹರಿದು ಕೂಡಿಸಿ ಬಾಯಿಗೆ ಸುರಿದುಕೊಂಡ. ತಿಕ್ಕುವುದಿಲ್ಲ, ತಟ್ಟುವುದಿಲ್ಲ. ಚೀಟು ಒಬ್ಬನಿಗೆಂದೇ ಅಳೆದು ಮಾಡಿದ್ದು. ಪಕ್ಕದವನು ಕೇಳಿದರೆ ಕೊಡಲು ಉಳಿದಿರುವುದೇ ಇಲ್ಲ, ಅವನು ಕೇಳುವುದೂ ಇಲ್ಲ, ಅವನ ಜೇಬಿನಲ್ಲೂ ಒಂದು ಚೀಟು. ‘ಹರೀತಾರ, ಸುರೀತಾರ, ಫೋನ್ ನೋಡತಾರ,’ ಅಂದರು ಆಯಿ. ‘ಚಟಾ ಇರಲಿ ಅಂತಲ್ಲರಿ. ಒಬ್ಬರಿಗೊಬ್ಬರು ಕೇಳಿ ತಿಂದಿದ್ರ ಇಷ್ಟ ತಿಂತಿರಲಿಲ್ಲ. ಕೇಳಾಕ ನಾಚಿಕಿ ಇಲ್ಲ ಅಂದ್ರೂ ದಿನಕ್ಕ ಇಪ್ಪತ್ತ ಸಲ ಕೇಳಾಕ ಆಕೈತೇನು?’ ನಾನು ಇದಕ್ಕೆ ಪೂರ್ತಿ ಒಪ್ಪುವುದಿಲ್ಲ; ಆಯಿಯ ತಮ್ಮನದು ಚಂಚಿಯ ಕಾಲ, ಚೀಟಿನದಲ್ಲ. ಹಾಗೆಂದು ಬೇಲಿಯ ಮೇಲೆ ಹೇಳಲಿಲ್ಲ.

ವೇದಗಂಗೆ, ದೂಧಗಂಗೆಯ ದಂಡೆಯ ಹೊಲಗಳಲ್ಲಿ ಈಗ ಕಬ್ಬು ಬಂದಿದೆ, ಮಳೆಯಾಸರೆಯ ಹೊಲಗಳಲ್ಲಿ ಸೋಯಾಬೀನ್. ತಂಬಾಕು ಹಿಂದೆ ಸರಿಯುತ್ತಿದೆ. ಹೋದರೆ ಹೋಗಲಿ ಎನ್ನಲು ನನಗೇನೂ ಅಡ್ಡಿಯಿಲ್ಲ, ನನ್ನ ಹೊಲ ಅಲ್ಲಿಲ್ಲ. ಆಯಿಗೂ ದುಃಖವೇನಿಲ್ಲ. ಕಬ್ಬು ಕೊಯ್ಯುವವರಿಗೆ ವಾಂತಿಯಾಗುವುದಿಲ್ಲವಲ್ಲ ಎನ್ನುತ್ತಾರೆ.

ಚಟ ಬಿಟ್ಟರೆ ತಂಬಾಕಿನಿಂದ ಇನ್ನೇನು ಉಪಯೋಗ ಎಂದು ಕೇಳಿದೆ. ಮಲೆನಾಡಿನವರು ಕಾಲಿಗೆ ಇಂಬಳ ಹತ್ತದಂತೆ ಹೊಗೆಸೊಪ್ಪು, ಸುಣ್ಣ ಕೂಡಿಸಿ ಹಚ್ಚಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ಆಯಿ ಅದನ್ನು ಕೇಳಿರಲಿಲ್ಲ, ನಿಪ್ಪಾಣಿಯಲ್ಲಿ ಇಂಬಳವಿಲ್ಲ. ಅವರಿಗೆ ಗೊತ್ತಿದ್ದದ್ದು ಹೇನಿನ ಔಷಧಿ. ಮನುಷ್ಯರ ತಲೆಯದಲ್ಲ, ಗಿಡದ್ದು. ನಮ್ಮ ನಿಂಬೆಗಿಡದ ಚಿಗುರಿಗೆ ಹೇನು ಮುತ್ತಿಕೊಂಡು ಎಲೆ ಮುರುಟಿದ್ದನ್ನು ಅವರು ಬೇಲಿಯಿಂದಲೇ ನೋಡಿದ್ದರಂತೆ, ನಾನು ಕೇಳಲಿ ಎಂದು ಕಾಯುತ್ತಿದ್ದರಂತೆ. ಒಳಗೆ ಹೋಗಿ ಒಂದು ಚೀಲ ತಂಬಾಕಿನ ಕಡ್ಡಿ ತಂದು ತಂತಿಯ ಮೇಲಿಂದ ಕೊಟ್ಟರು. ಮಶೇರಿಗೆ ಎಲೆ ಬಿಡಿಸಿಕೊಂಡು ಉಳಿದದ್ದು.

‘ಅರ್ಧ ಕಿಲೋ ಐತಿ. ನಾಲ್ಕೂವರಿ ಲೀಟರ್ ನೀರಾಗ ಒಂದ ದಿನಾ ನೆನೀ ಇಡ್ರಿ. ಸೋಸಿ, ಅರಿವಿ ತೊಳಿಯೂ ಸಾಬೂನ ಕರಗಿಸಿ ಹಾಕ್ರಿ, ಎಲೀಗೆ ಅಂಟತೈತಿ. ಆರೇಳ ಪಟ್ಟ ನೀರ ಕೂಡಿಸಿ ಸಂಜೀ ಮುಂದ ಹೊಡೀರಿ. ಕೈಗೆ ಪ್ಲಾಸ್ಟಿಕ್ ಹಾಕ್ಕೋರಿ, ನೀವು ಹೊಸಬರು, ವಾಂತಿ ಮಾಡಕೊಂಡೀರಿ.’

‘ಉಳಿದಿದ್ದನ್ನ ಮೆಣಸಿನಗಿಡಕ್ಕ ಹೊಡದ್ರ?’

‘ಅಯ್ಯ ಮಾಸ್ತರ್ರ! ಮೆಣಸಿನಗಿಡಾ, ಟೊಮ್ಯಾಟೋ, ಬದನೀಕಾಯಿ ಹಂತ್ಯಾಕ ಒಯ್ಯಬ್ಯಾಡ್ರಿ. ಅವೆಲ್ಲಾ ತಂಬಾಕಿನ ಬಳಗದವು. ಇದರ ರೋಗ ಅವಕ್ಕ ಹತ್ತತೈತಿ, ಎಲಿ ಮುದುರತಾವ. ಕೈ ತೊಳಕೊಂಡ ಮ್ಯಾಲ ಮುಟ್ಟರಿ. ಮತ್ತ ಆ ನಿಂಬಿಕಾಯಿ ಹತ್ತ ದಿನಾ ಹರೀಬ್ಯಾಡ್ರಿ ಅಂತ ಮನಿಯಾಗ ಹೇಳ್ರಿ. ನನ್ನ ಹೆಸರ ಹೇಳಬ್ಯಾಡ್ರಿ, ನಿಮ್ಮವರಿಗೆ ನನ್ನ ತಂಬಾಕಂದ್ರ ಮೊದಲ ಆಗಿಬರೂದಿಲ್ಲ.’